ಹೆಪ್ಪು ಯಾರದು?

ಸೂರತ್‌ನ ಪಾಂಡೇಸರಾ ಜಿಐಡಿಸಿಯಲ್ಲಿ ಒಂದು ಡೈಯಿಂಗ್ ಮಿಲ್ಲಿದೆ. ಹೆಸರು ಬೇಡ. ಅದರ ಕಲರ್ ಕಿಚನ್‌ನಲ್ಲಿ, ಎಂದರೆ ಬಣ್ಣದ ಪುಡಿ ತೂಗಿ ಕಲಸುವ ಕೋಣೆಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಹೊದ್ದುಕೊಂಡು ಒಂದು ಸರ್ವರ್ ಕೂತಿದೆ. ಯಾವ ಶೇಡ್‌ಗೆ ಯಾವ ಬಣ್ಣ ಎಷ್ಟು ಗ್ರಾಂ ಎಂಬ ಲೆಕ್ಕವೆಲ್ಲ ಅದರೊಳಗೆ. ಅದು ತಪ್ಪಿದರೆ ಸಾವಿರಾರು ಮೀಟರ್ ಬಟ್ಟೆ ಹಾಳು. 2024ರ ಮಾರ್ಚ್‌ನಲ್ಲಿ ನಾನು ಆ ಯಂತ್ರದ ಆಪರೇಟಿಂಗ್ ಸಿಸ್ಟಮ್ಮನ್ನು, ಫ್ರೀಬಿಎಸ್‌ಡಿ 13ರಿಂದ 14ಕ್ಕೆ, ಸೋರ್ಸ್ ಕೋಡ್‌ನಿಂದಲೇ ಕಟ್ಟಿ ಮೇಲೇರಿಸಿದೆ. ಆಮೇಲೆ ಒಂದು ಕಾಗದಕ್ಕೆ ಸಹಿ ಹಾಕಿದೆ. ಬಟ್ಟೆ ಕೊಳ್ಳುವ ಹೊರದೇಶದ ಕಂಪನಿಯ ಆಡಿಟರ್ ಕೇಳಿದ್ದ ಕಾಗದ ಅದು. ‘ಈ ವ್ಯವಸ್ಥೆಯ ಪ್ರತಿಯೊಂದು ಭಾಗವನ್ನೂ ಪರಿಶೀಲಿಸಿದ ಸೋರ್ಸ್ ಕೋಡ್‌ನಿಂದ ಕಟ್ಟಲಾಗಿದೆ’ ಎಂದಿತ್ತು. ಕೆಳಗೆ ನನ್ನ ಹೆಸರು, ಹುದ್ದೆ, ತಾರೀಕು.

ಪರಿಶೀಲಿಸಿದ್ದು ಯಾರು? ನಾನಂತೂ ಅಲ್ಲ. ಹತ್ತು ವರ್ಷದಿಂದ ನನ್ನ ಕೆಲಸವೆಂದರೆ ಎಕ್ಸೆಲ್ ಹಾಳೆ ಮತ್ತು ಮೀಟಿಂಗು. ಆದರೂ ಸಹಿ ಹಾಕುವಾಗ ಕೈ ನಡುಗಲಿಲ್ಲ. ಇನ್ನೊಂಚೂರು ಹೆಮ್ಮೆಯೇ ಇತ್ತು ಅನ್ನಿ.

ಆ ಹೆಮ್ಮೆ ಹಳೆಯದು. ಸುರತ್ಕಲ್‌ನಲ್ಲಿ ಎಂಟೆಕ್ ಮಾಡಿ ಸೂರತ್‌ಗೆ ಬಂದವನು ನಾನು (ಊರಲ್ಲಿ ಇವತ್ತಿಗೂ ಕೆಲವರಿಗೆ ಎರಡೂ ಒಂದೇ). ಹಾಸ್ಟೆಲ್ಲಿನಲ್ಲಿ ಮೊದಲ ಬಾರಿ ‘ಮೇಕ್ ಬಿಲ್ಡ್‌ವರ್ಲ್ಡ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದ ರಾತ್ರಿ ಇನ್ನೂ ನೆನಪಿದೆ. ಜಗತ್ತನ್ನೇ ಕಟ್ಟು ಅನ್ನುವ ಆಜ್ಞೆ! ಪರದೆಯ ಮೇಲೆ ಅಕ್ಷರಗಳು ಬೆಳಗಿನವರೆಗೂ ಓಡುತ್ತಿದ್ದವು. ಉಳಿದವರು ಯಾರೋ ಬೇಯಿಸಿ ಡಬ್ಬಿಗೆ ತುಂಬಿದ್ದನ್ನು ತಿನ್ನುತ್ತಾರೆ, ನಾನು ಅಕ್ಕಿಯಿಂದ ಶುರು ಮಾಡುತ್ತೇನೆ ಅನ್ನುವ ಭಾವ. ಈಗಿನ ಯಂತ್ರಗಳಲ್ಲಿ ಅಷ್ಟು ಹೊತ್ತು ಬೇಡ, ಆದರೆ ಕ್ರಮ ಹೆಚ್ಚು ಬದಲಾಗಿಲ್ಲ. ಮೊದಲು ಎಲ್ಲವನ್ನೂ ಕಟ್ಟಿಕೊಳ್ಳಬೇಕು. ಆಮೇಲೆ ಹೊಸ ಕರ್ನಲ್ ಮಾತ್ರ ಕೂರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಹೊಸ ಕರ್ನಲ್ಲಿಗೆ ಹಳೆಯ ಪ್ರೋಗ್ರಾಂಗಳ ಮಾತು ತಿಳಿಯುತ್ತದೆ, ಹಳೆಯ ಕರ್ನಲ್ಲಿಗೆ ಹೊಸವುಗಳ ಮಾತು ತಿಳಿಯುವ ಖಾತ್ರಿಯಿಲ್ಲ. ಸ್ವಲ್ಪ ಹೊತ್ತು ಹಳೆಯ ಮನೆಮಂದಿ ಹೊಸ ಯಜಮಾನನ ಕೆಳಗೆ ಬದುಕುತ್ತಾರೆ. ಕೊನೆಗೆ ಮನೆಮಂದಿಯನ್ನೂ ಬದಲಿಸುವುದು.

ಇದರೊಳಗೊಂದು ತೊಡಕಿದೆ. ಸೋರ್ಸ್ ಕೋಡನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವುದು ಕಂಪೈಲರ್. ಅದೂ ಒಂದು ಪ್ರೋಗ್ರಾಂ, ಅದನ್ನೂ ಸೋರ್ಸ್‌ನಿಂದಲೇ ಕಟ್ಟಬೇಕು. ಯಾವುದರಿಂದ? ಮೊದಲೇ ಇರುವ ಹಳೆಯ ಕಂಪೈಲರ್‌ನಿಂದ. ಫ್ರೀಬಿಎಸ್‌ಡಿಯಲ್ಲಿ ಆವೃತ್ತಿ ಬದಲಾಗಿದ್ದರೆ ಹಳೆಯ ಕ್ಲ್ಯಾಂಗ್ ಮೊದಲು ಹೊಸ ಕ್ಲ್ಯಾಂಗನ್ನು ಕಟ್ಟುತ್ತದೆ, ಆ ಹೊಸದು ಉಳಿದದ್ದೆಲ್ಲವನ್ನೂ, ತನ್ನನ್ನೂ ಸೇರಿಸಿ, ಕಟ್ಟುತ್ತದೆ.

ಮೊಸರಿನ ಹಾಗೆಯೇ. ಹಾಲು ನಮ್ಮದೇ, ಪಾತ್ರೆ ನಮ್ಮದೇ, ಆದರೆ ಹೆಪ್ಪು ನಿನ್ನೆಯದು. ನಿನ್ನೆಯ ಮೊಸರಿಗೆ ಮೊನ್ನೆಯದು. ಮದುವೆಯಾದ ಹೊಸದರಲ್ಲಿ ಅಮ್ಮ ಹಾವೇರಿಯಿಂದ ರೈಲಿನಲ್ಲಿ ಸ್ಟೀಲ್ ಡಬ್ಬಿಯೊಳಗೆ ಹೆಪ್ಪು ತಂದಿದ್ದರು. ಒಂದು ಬೇಸಿಗೆಯಲ್ಲಿ ಅದು ಕೆಟ್ಟಿತು. ಪಕ್ಕದ ಮನೆಯ ಗುಜರಾತಿ ಅಜ್ಜಿ ತಮ್ಮ ‘ಮೇಳವಣ’ ಒಂದು ಚಮಚ ಕೊಟ್ಟರು. ಅವರಿಗೆ ಅದು ಎಲ್ಲಿಂದ ಬಂತೋ! ಹದಿನೈದು ವರ್ಷದಿಂದ ನಮ್ಮನೆಯಲ್ಲಿ ‘ಮನೆ ಮೊಸರು’ ಎನ್ನುತ್ತಿರುವುದು ಅದರ ಸಂತಾನವನ್ನೇ.

ಯುನಿಕ್ಸ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ, 1984ರಲ್ಲಿ ಅಚ್ಚಾದದ್ದು, ಈ ಹೆಪ್ಪಿಗೆ ವಿಷ ಹಾಕುವುದು ಹೇಗೆಂದು ವಿವರಿಸಿದರು. ಕಂಪೈಲರ್‌ನೊಳಗೆ ಒಂದು ಕಳ್ಳ ತುಣುಕು ಸೇರಿಸಿ. ಅದು ಲಾಗಿನ್ ಪ್ರೋಗ್ರಾಂ ಕಟ್ಟುವಾಗ ಗುಟ್ಟಿನ ಬಾಗಿಲೊಂದನ್ನು ಇಡಲಿ, ಹೊಸ ಕಂಪೈಲರ್ ಕಟ್ಟುವಾಗ ತನ್ನನ್ನೇ ಅದರೊಳಗೆ ನಕಲು ಮಾಡಲಿ. ಆಮೇಲೆ ಸೋರ್ಸ್‌ನಿಂದ ಆ ತುಣುಕನ್ನು ಅಳಿಸಿಬಿಡಿ. ಒಂದೊಂದು ಸಾಲನ್ನೂ ಓದಿದರೂ ಇನ್ನು ಏನೂ ಸಿಗುವುದಿಲ್ಲ, ಬಾಗಿಲು ಮಾತ್ರ ಪ್ರತಿಸಲವೂ ತೆರೆದೇ ಇರುತ್ತದೆ. ಎಂಟೆಕ್‌ನಲ್ಲಿ ಇದನ್ನು ಓದಿದಾಗ ಜಾಣ ಒಗಟು ಅನ್ನಿಸಿತ್ತು, ಅಷ್ಟೇ.

2024ರ ಮಾರ್ಚ್ 29ರ ಶುಕ್ರವಾರ ಆ ಒಗಟಿನ ದಾಯಾದಿಯೊಂದು ನಿಜವಾಗಿ ಎದುರಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತನ್ನ ಯಂತ್ರದ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎನ್ನಿಸಿತು. ಹಾಗೇ ಎಳೆ ಹಿಡಿದು ಹೋದರೆ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು. ‘ಜಿಯಾ ಟಾನ್’ ಎಂಬ ಹೆಸರಿನ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ಒಳ್ಳೆಯ ಕೆಲಸ ಮಾಡಿಕೊಟ್ಟು, ಒಂಟಿಯಾಗಿ ದಣಿದಿದ್ದ ಮೂಲ ನಿರ್ವಾಹಕನ ವಿಶ್ವಾಸ ಗಳಿಸಿ, ಕೀಲಿಕೈ ಪಡೆದಿದ್ದರು. ಕೆಡುಕನ್ನು ಚಾಲೂ ಮಾಡುವ ಸಾಲುಗಳು ಎಲ್ಲರೂ ನೋಡುವ ಸೋರ್ಸ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದವು.

ಆ ವಾರಾಂತ್ಯ ನನಗೆ ನಿದ್ದೆಯಿಲ್ಲ. ನೆಟ್‌ವರ್ಕ್ ಕಾರ್ಡಿನ ಒಂದು ತಿದ್ದುಪಡಿ ಬೇಕಿತ್ತೆಂದು ನಾನು ಬಿಡುಗಡೆಯಾದ ಆವೃತ್ತಿ ಬಿಟ್ಟು ಫ್ರೀಬಿಎಸ್‌ಡಿ 14ರ ‘ಸ್ಟೇಬಲ್’ ಶಾಖೆಯಿಂದ ಕಟ್ಟಿದ್ದೆ. ಅದರಲ್ಲಿ ಎಕ್ಸ್‌ಝಡ್ 5.6.0 ಇತ್ತು. ನನ್ನ ಕೈಯಾರೆ ಕಂಪೈಲ್ ಮಾಡಿದ್ದೆ, ‘ಪರಿಶೀಲಿಸಿದ’ ಎಂದು ಸಹಿಯನ್ನೂ ಹಾಕಿದ್ದೆ.

ಏನೂ ಆಗಲಿಲ್ಲ. ಫ್ರೀಬಿಎಸ್‌ಡಿಯವರು ಎಕ್ಸ್‌ಝಡ್ ತರುವಾಗ ಆ ಕಡತಗಳನ್ನು ಬಿಟ್ಟು ತಂದಿದ್ದರು, ಕಟ್ಟುವ ವಿಧಾನವೂ ಅವರದೇ ಬೇರೆ, ಮೇಲಾಗಿ ಕಳ್ಳನ ಗುರಿ ಇದ್ದದ್ದು ಲಿನಕ್ಸ್ ಮೇಲೆ. ಪಾಂಡೇಸರಾದ ಸರ್ವರ್ ಸುರಕ್ಷಿತ. ಆದರೆ ಅದರಲ್ಲಿ ನನ್ನ ಪಾಲೇನೂ ಇರಲಿಲ್ಲ. ಕೆಟ್ಟದ್ದು ಆಗದೆ ಹೋಯಿತು ಎಂಬ ಕಾರಣಕ್ಕೆ ನನ್ನ ವಾಕ್ಯ ನಿಜವಾಗುತ್ತದೆಯೇ?

ಗೆಳೆಯನೊಬ್ಬ ನಕ್ಕ. ‘ಎಲ್ಲರೂ ಹೀಗೇ ಸಹಿ ಹಾಕೋದು ಮಾರಾಯ. ಲಿನಕ್ಸ್ ಕರ್ನಲ್ ಒಂದೇ ಮೂರು ಕೋಟಿ ಸಾಲು ದಾಟಿದೆ, ಯಾರು ಓದ್ತಾರೆ?’ ಸರಿಯೇ. ಆದರೆ ಯಾರೂ ಓದುವುದಿಲ್ಲ ಎಂಬುದು ಓದಿದ್ದೇನೆಂದು ಬರೆಯಲು ಕಾರಣವಾಗದು. ಇನ್ನೊಂದು ತುದಿಯಲ್ಲಿ, ಯಾರನ್ನೂ ನಂಬದೆ ಕಟ್ಟಲು ಹೊರಟವರಿದ್ದಾರೆ. ಡೇವಿಡ್ ವೀಲರ್ ಎರಡು ಬೇರೆ ಬೇರೆ ಹೆಪ್ಪಿನಿಂದ ಒಂದೇ ಕಂಪೈಲರ್ ಕಟ್ಟಿ ಫಲಿತಾಂಶ ತಾಳೆ ನೋಡುವ ವಿಧಾನ ತೋರಿಸಿದರು. ಗಿಕ್ಸ್ ಯೋಜನೆಯವರು 2023ರಲ್ಲಿ ಬರೀ 357 ಬೈಟ್‌ಗಳ ಬೀಜದಿಂದ ಹತ್ತಿ ಇಡೀ ವ್ಯವಸ್ಥೆ ಕಟ್ಟಿದರು. ಹೆಪ್ಪೇ ಇಲ್ಲದಾಗ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡುತ್ತಾರಲ್ಲ, ಹಾಗೆ. ನನಗೆ ಅವರ ಮೇಲೆ ಗೌರವವಿದೆ. ಆದರೆ ಅವರೂ ಪ್ರೊಸೆಸರ್ ಚಿಪ್ಪನ್ನು ನಂಬಲೇಬೇಕು. ಎಲ್ಲೋ ಒಂದು ಕಡೆ ಬೇರೆಯವರ ಚಮಚ ಇದ್ದೇ ಇರುತ್ತದೆ.

ದಾರಿ ಸಿಕ್ಕಿದ್ದು ಅದೇ ಮಿಲ್ಲಿನ ಡೈಯಿಂಗ್ ಮಾಸ್ಟರ್ ಹತ್ತಿರ. ಒಡಿಶಾದವರು, ಅರವತ್ತರ ಹತ್ತಿರದ ವಯಸ್ಸು. ಬಣ್ಣದ ಹೊಸ ಡ್ರಮ್ ಬಂದರೆ, ಅದೇ ಕಂಪನಿ, ಅದೇ ಲೇಬಲ್ ಇದ್ದರೂ, ಅವರು ನೇರ ಯಂತ್ರಕ್ಕೆ ಹಾಕಿಸುವುದಿಲ್ಲ. ಚೂರು ಬಟ್ಟೆ ಅದ್ದಿ, ಒಣಗಿಸಿ, ದೀಪದ ಪೆಟ್ಟಿಗೆಯಲ್ಲಿ ಹಳೆಯ ಚೂರಿನ ಪಕ್ಕ ಇಟ್ಟು ನೋಡುತ್ತಾರೆ. ಡ್ರಮ್ಮಿನೊಳಗೆ ಯಾವ ರಾಸಾಯನಿಕ ಇದೆ ಗೊತ್ತೇ ಎಂದು ಕೇಳಿದೆ. ‘ಅದನ್ನು ಮಾಡಿದವನಿಗೆ ಗೊತ್ತು’ ಎಂದರು ಹಿಂದಿಯಲ್ಲಿ. ಮತ್ತೆ ತಮ್ಮ ಪುಸ್ತಕ ತೋರಿಸಿದರು. ಚೂರು ಬಟ್ಟೆ ಅಂಟಿಸಿ, ಲಾಟ್ ನಂಬರ್ ಬರೆದು, ಪಕ್ಕದಲ್ಲಿ ಸಹಿ. ಡ್ರಮ್ ಶುದ್ಧವಿದೆ ಎಂದು ಅವರು ಎಲ್ಲೂ ಬರೆದಿಲ್ಲ. ಈ ಲಾಟು, ಈ ದಿನ, ಈ ಬೆಳಕಿನಲ್ಲಿ ಹೊಂದಿತು ಎಂದಷ್ಟೇ. ಹೊಂದದಿದ್ದ ಚೂರುಗಳೂ ಅದೇ ಪುಸ್ತಕದಲ್ಲಿದ್ದವು.

ಫ್ರಾಯಿಂಡ್ ಕೂಡ ಎಲ್ಲ ಸಾಲು ಓದಿ ಹಿಡಿದದ್ದಲ್ಲ. ತನ್ನ ಯಂತ್ರ ಸಾಮಾನ್ಯವಾಗಿ ಎಷ್ಟು ಬೇಗ ಬಾಗಿಲು ತೆರೆಯುತ್ತದೆಂದು ಅವರಿಗೆ ಗೊತ್ತಿತ್ತು. ಸ್ವಂತ ಕೈಯಿಂದ ಕಟ್ಟುವುದರ ಬೆಲೆ ನನಗೀಗ ಅಲ್ಲಿ ಕಾಣುತ್ತದೆ. ನಂಬಿಕೆ ತಪ್ಪುವುದಿಲ್ಲ, ಆದರೆ ಯಾರ್ಯಾರನ್ನು ನಂಬಿದ್ದೇನೆಂದು ಹೆಸರು ಹಿಡಿದು ಹೇಳಬಹುದು. ನಿನ್ನೆಗಿಂತ ಇವತ್ತು ಏನೋ ಬೇರೆಯಾಗಿದೆ ಎಂದರೆ ನನ್ನ ಗಮನಕ್ಕೆ ಬರಬಹುದು.

ಏಪ್ರಿಲ್‌ನಲ್ಲಿ ಆ ಕಾಗದ ವಾಪಸ್ ಕೊಡಿ ಎಂದು ಮಿಲ್ಲಿನ ಶೇಠ್‌ಗೆ ಕೇಳಿದೆ. ಅವರಿಗೆ ಸಿಟ್ಟು ಬಂತು. ಆಡಿಟ್ ಮುಗಿದಿದೆ, ಈಗ್ಯಾಕೆ ಕೆದಕುವುದು ಎಂದರು. ನನ್ನ ಮ್ಯಾನೇಜರ್‌ಗೂ ಇಷ್ಟವಾಗಲಿಲ್ಲ. ಒಂದು ವಾರ ಹಿಂದೆಮುಂದೆ ಆಯಿತು. ಕೊನೆಗೆ ಒಂದೇ ಸಾಲಿನ ಜಾಗದಲ್ಲಿ ಒಂದು ಪುಟ ಬಂತು: ಯಾವ ಶಾಖೆಯಿಂದ, ಯಾವ ತಾರೀಕಿನ ಸೋರ್ಸ್, ಯಾವ ಕಂಪೈಲರ್‌ನಿಂದ ಕಟ್ಟಿದ್ದು, ನಾವೇ ಓದಿದ ಬದಲಾವಣೆಗಳು ಯಾವುವು, ಓದದೆ ಫ್ರೀಬಿಎಸ್‌ಡಿಯವರ ಮಾತಿನ ಮೇಲೆ ತೆಗೆದುಕೊಂಡದ್ದು ಯಾವುದು. ಕೊನೆಯ ಪಟ್ಟಿಯೇ ಮುಕ್ಕಾಲು ಪುಟವಿತ್ತು. ಆಡಿಟರ್ ಅದನ್ನು ನೋಡಿ ಎರಡು ಪ್ರಶ್ನೆ ಕೇಳಿದ. ಹಿಂದಿನ ಕಾಗದಕ್ಕೆ ಒಂದೂ ಕೇಳಿರಲಿಲ್ಲ.