ವೀತರಾಗನಲ್ಲಿ ಬೇಡುವುದೇನು?

ಭಾದ್ರಪದ ಶುಕ್ಲ ಪಂಚಮಿಯ ಬೆಳಗ್ಗೆ ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ ಎಲ್ಲರೆದುರಿಗೆ ದಶಲಕ್ಷಣದ ಹತ್ತು ಉಪವಾಸಗಳನ್ನು ಸಂಕಲ್ಪಿಸಿದ ಶ್ರಾವಕನಿಗೆ ಅಂದು ಹಸಿವೇ ತೋರುವುದಿಲ್ಲ. ವಾದ್ಯದ ಧ್ವನಿ, ಬಂಧುಗಳ ಮೆಚ್ಚುಗೆ, ತನ್ನದೇ ಆದ ಉತ್ಸಾಹ ಇವೆಲ್ಲ ಸೇರಿ ಅವನನ್ನು ಎತ್ತಿ ಹಿಡಿದಿರುತ್ತವೆ. ಐದನೆಯ ದಿನವೋ ಆರನೆಯ ದಿನವೋ ಇಳಿಹೊತ್ತಿನಲ್ಲಿ, ನೆರೆಮನೆಯ ಒಗ್ಗರಣೆಯ ವಾಸನೆ ಕಿಟಕಿಯಿಂದ ಒಳಗೆ ಬರುವಾಗ, ಮನೆಯವರು ತಮ್ಮ ತಮ್ಮ ಕೆಲಸಗಳಲ್ಲಿ ತೊಡಗಿರುವಾಗ, ಪರೀಕ್ಷೆ ಆರಂಭವಾಗುತ್ತದೆ. ಆಗ ಮನಸ್ಸು ಯಾರನ್ನಾದರೂ ಕರೆಯಬಯಸುತ್ತದೆ. ಅರ್ಹಂತನನ್ನು ಕರೆಯೋಣವೆಂದರೆ ಅವನು ವೀತರಾಗ. ಭಕ್ತನ ಮೇಲೆಯೂ ಅವನಿಗೆ ರಾಗವಿಲ್ಲ. ಹಾಗಾದರೆ ಆ ಹೊತ್ತಿನಲ್ಲಿ ಕೈಮುಗಿದು ‘ಕಾಪಾಡು ಸ್ವಾಮಿ’ ಎನ್ನುವ ಶ್ರಾವಕನು ಮಾಡುತ್ತಿರುವುದೇನು? ಅದು ಅರ್ಥವುಳ್ಳ ಮಾತೋ, ಬರಿಯ ಬಾಯಿ ಅಭ್ಯಾಸವೋ?

ಅನ್ಯಮತದ ಒಂದು ಆಚರಣೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಪ್ರಶ್ನೆಯ ಸ್ವರೂಪ ಹೆಚ್ಚು ಸ್ಪಷ್ಟವಾಗುತ್ತದೆ. ಮೂಡುಬಿದಿರೆ, ಕಾರ್ಕಳಗಳ ಕಡೆಯ ಜೈನ ಮನೆಗಳಿಗೆ ಕಥೋಲಿಕ ಕ್ರೈಸ್ತರ ನೆರೆಹೊರೆ ಹಳೆಯದು. ಅವರು ತಪಸ್ಸುಕಾಲವೆಂದು ಕರೆಯುವ ವ್ರತಕಾಲವು ಬೂದಿ ಬುಧವಾರದಿಂದ ಆರಂಭವಾಗುತ್ತದೆ. ಈಸ್ಟರ್ ಹಬ್ಬದ ಹಿಂದಿನ ದಿನದವರೆಗೆ, ನಡುವಣ ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನಗಳಾಗುತ್ತವೆ. ಫಾಲ್ಗುಣದ ಅಷ್ಟಾಹ್ನಿಕ ಪರ್ವವು ಸಾಮಾನ್ಯವಾಗಿ ಈ ಅವಧಿಯೊಳಗೇ ಬರುವುದರಿಂದ ಒಂದೇ ಬೀದಿಯಲ್ಲಿ ಎರಡು ಮತದವರೂ ವ್ರತಸ್ಥರಾಗಿರುವುದುಂಟು. ಏಸುವು ಅರಣ್ಯದಲ್ಲಿ ನಲವತ್ತು ದಿನ ನಿರಾಹಾರನಾಗಿದ್ದನೆಂದೂ, ಹಸಿದಾಗ ಸೈತಾನನು ಬಂದು ಕಲ್ಲುಗಳನ್ನು ರೊಟ್ಟಿಯಾಗಿಸಿಕೊಳ್ಳುವಂತೆ ಪ್ರೇರಿಸಿದನೆಂದೂ ಅವರ ಗ್ರಂಥ ಹೇಳುತ್ತದೆ. ಅದರ ನೆನಪಿಗೆ ಈ ಕಾಲ. ಕಥೋಲಿಕರಿಗೆ ಉಪವಾಸವು ಕಡ್ಡಾಯವಾಗಿರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡೇ ದಿನ. ಅಂದು ಪೂರ್ಣ ಭೋಜನ ಒಂದು ಹೊತ್ತು ಮಾತ್ರ, ಉಳಿದೆರಡು ಹೊತ್ತು ಅಲ್ಪಾಹಾರ. ಶುಕ್ರವಾರಗಳಂದು ಮಾಂಸವರ್ಜನ. ನೀರನ್ನೂ ಮುಟ್ಟದೆ ಉಪವಾಸ ಮಾಡುವ ಮನೆಗಳವರು ಇದನ್ನು ಲಘುವೆಂದು ಎಣಿಸಬಹುದು. ಹಾಗೆ ಎಣಿಸಿದರೆ ಅದು ಮಾನಕಷಾಯವೇ ಹೊರತು ಧರ್ಮಪ್ರಭಾವನೆಯಲ್ಲ.

ಇಲ್ಲಿ ಗಮನಿಸತಕ್ಕದ್ದು ಆಹಾರದ ಅಳತೆಯನ್ನಲ್ಲ, ಆ ದಿನಗಳಲ್ಲಿ ಕ್ರೈಸ್ತನು ಮಾಡುವ ಪ್ರಾರ್ಥನೆಯನ್ನು. ತನ್ನನ್ನು ಶೋಧನೆಗೆ ಒಳಪಡಿಸದಿರು, ಕೇಡಿನಿಂದ ಬಿಡಿಸು ಎಂಬ ಮೊರೆ ಅವನ ನಿತ್ಯಪ್ರಾರ್ಥನೆಯಲ್ಲಿಯೇ ಇದೆ. ತಪಸ್ಸುಕಾಲದಲ್ಲಿ ಅದು ಇನ್ನಷ್ಟು ತೀವ್ರವಾಗುತ್ತದೆ. ಈ ಮೊರೆಯ ಹಿಂದೆ ಒಂದು ದೊಡ್ಡ ವಾದವೇ ನಡೆದುಹೋಗಿದೆ. ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನನು (354–430) ಮಾನವನ ಸಂಕಲ್ಪಶಕ್ತಿಯು ಆದಿಮಾನವನ ಪಾಪದಿಂದಲೇ ರೋಗಗ್ರಸ್ತವಾಗಿದೆ, ದೇವರು ವಿಧಿಸಿದ ನಿಯಮವನ್ನು ಪಾಲಿಸುವ ಬಲವನ್ನೂ ದೇವರೇ ಕೊಡಬೇಕು ಎಂದು ಪ್ರತಿಪಾದಿಸಿದನು. ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲಾಜಿಯಸನೆಂಬ ವಿರಕ್ತನಿಗೆ ಇದು ಸೇರಲಿಲ್ಲ. ಬಲವನ್ನು ಬೇಡುತ್ತ ಕುಳಿತವನು ಪ್ರಯತ್ನವನ್ನು ಬಿಟ್ಟಾನು, ಮನುಷ್ಯನು ತನ್ನ ಸಂಕಲ್ಪದಿಂದಲೇ ಪಾಪವನ್ನು ತ್ಯಜಿಸಬಲ್ಲನು ಎಂಬುದು ಅವನ ಪಕ್ಷ. 418ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಧರ್ಮಸಭೆಯು ಪೆಲಾಜಿಯಸನ ಮತವನ್ನು ತಳ್ಳಿಹಾಕಿತು. ದೇವರ ವರಪ್ರಸಾದವಿಲ್ಲದೆ ಮಾನವನು ಗೆಲ್ಲಲಾರನೆಂಬುದು ಅಲ್ಲಿಂದ ಮುಂದೆ ಪಶ್ಚಿಮದ ಕ್ರೈಸ್ತ ಸಭೆಯ ನಿಲುವಾಯಿತು.

ಇದನ್ನು ಓದಿದ ಜೈನನು ಪೆಲಾಜಿಯಸನನ್ನು ತನ್ನವನೆಂದು ಭಾವಿಸುವುದು ಸಹಜ. ಸ್ವಾವಲಂಬನೆ, ಪುರುಷಾರ್ಥ ಮೊದಲಾದ ಮಾತುಗಳು ಜೈನರ ಉಪನ್ಯಾಸಗಳಲ್ಲಿ ಸಾಕಷ್ಟು ಕೇಳಿಬರುತ್ತವೆ. ಆದರೆ ಸಿದ್ಧಾಂತವು ಅಷ್ಟು ಸರಳವಾಗಿಲ್ಲ. ಜೀವನ ಸಂಕಲ್ಪವು ಯಾವ ಕಟ್ಟೂ ಇಲ್ಲದೆ ಸ್ವತಂತ್ರವಾಗಿದೆಯೆಂದು ಯಾವ ಆಚಾರ್ಯನೂ ಹೇಳಿಲ್ಲ. ಮೋಹನೀಯವು ಅನಾದಿಯಿಂದ ಜೀವನಿಗೆ ಅಂಟಿದೆ. ಕರ್ಮಗಳಲ್ಲೆಲ್ಲ ದೀರ್ಘವಾದ ಸ್ಥಿತಿ, 70 ಕೋಡಾಕೋಡಿ ಸಾಗರೋಪಮ, ಅದರದೇ. ರೋಗದ ವಿಷಯದಲ್ಲಿ ಜೈನನು ಅಗಸ್ಟೀನನಿಗಿಂತ ಕಡಮೆ ಕಠೋರನಲ್ಲ. ಭೇದವಿರುವುದು ಚಿಕಿತ್ಸೆ ಎಲ್ಲಿಂದ ಬರಬೇಕೆಂಬುದರಲ್ಲಿ.

ಈ ಪ್ರಶ್ನೆಯನ್ನು ಪೂರ್ವಾಚಾರ್ಯರು ನೇರವಾಗಿಯೇ ಎತ್ತಿಕೊಂಡಿದ್ದಾರೆ. ದಿಗಂಬರ ಮುನಿಗಳು ನಿತ್ಯವೂ ಹೇಳುವ ಭಕ್ತಿಪಾಠಗಳಲ್ಲಿ ದುಃಖಕ್ಷಯವಾಗಲಿ, ಕರ್ಮಕ್ಷಯವಾಗಲಿ, ಬೋಧಿಲಾಭವಾಗಲಿ, ಸಮಾಧಿಮರಣವಾಗಲಿ ಎಂಬ ಕೋರಿಕೆಯಿದೆ. ಕೊಡುವವನಿಲ್ಲದಿರುವಾಗ ಈ ಕೋರಿಕೆ ಯಾರಿಗೆ? ವಟ್ಟಕೇರಾಚಾರ್ಯರ ಮೂಲಾಚಾರವು ಷಡಾವಶ್ಯಕಗಳನ್ನು ವಿವರಿಸುವಲ್ಲಿ ಇದಕ್ಕೆ ಕೊಡುವ ಸಮಾಧಾನ ಅತ್ಯಂತ ಪ್ರಾಮಾಣಿಕವಾದುದು. ಇಂಥ ಮಾತು ಸತ್ಯವೂ ಅಲ್ಲದ, ಅಸತ್ಯವೂ ಅಲ್ಲದ ಭಾಷೆ, ಭಕ್ತಿಯಿಂದ ಹೊರಟದ್ದು. ರಾಗದ್ವೇಷಗಳನ್ನು ಕ್ಷಯಗೊಳಿಸಿದ ಜಿನರು ಬೋಧಿಯನ್ನಾಗಲಿ ಸಮಾಧಿಯನ್ನಾಗಲಿ ಕೊಡುವುದಿಲ್ಲ. ಅವರು ಕೊಡಬೇಕಾಗಿದ್ದದ್ದು ದರ್ಶನ ಜ್ಞಾನ ಚಾರಿತ್ರಗಳ ಉಪದೇಶ; ಅದನ್ನು ಕೊಟ್ಟಾಗಿದೆ. ಹೀಗೆಂದು ಹೇಳಿದ ಮೇಲೆಯೂ ಆಚಾರ್ಯರು ಆ ಕೋರಿಕೆಯನ್ನು ಪಾಠದಿಂದ ತೆಗೆದುಹಾಕಲಿಲ್ಲವೆಂಬುದು ಗಮನಾರ್ಹ. ತರ್ಕಕ್ಕೆ ನಿಲ್ಲದ ಮಾತನ್ನೆಲ್ಲ ಭಕ್ತನ ಬಾಯಿಂದ ಕಿತ್ತುಕೊಳ್ಳಬೇಕೆಂಬ ಹಟ ಅವರಿಗಿರಲಿಲ್ಲ.

ಕೊಡದವನನ್ನು ನೆನೆದರೆ ಫಲವೆಲ್ಲಿಂದ ಬಂತು? ಫಲವು ನೆನೆಯುವವನ ಪರಿಣಾಮದಿಂದ ಬರುತ್ತದೆ. ಅರ್ಹಂತನ ಗುಣಗಳಲ್ಲಿ ಮನಸ್ಸು ನಿಂತಷ್ಟು ಹೊತ್ತು ಕಷಾಯವು ಮಂದವಾಗುತ್ತದೆ. ಕಷಾಯ ಮಂದವಾದಾಗ ಕಟ್ಟಿರುವ ಪಾಪಪ್ರಕೃತಿಗಳ ಅನುಭಾಗವು, ಎಂದರೆ ಫಲ ಕೊಡುವ ತೀಕ್ಷ್ಣತೆಯು, ಕುಗ್ಗುತ್ತದೆ. ಕರ್ಮಶಾಸ್ತ್ರವು ಇದನ್ನು ಅಪಕರ್ಷಣವೆನ್ನುತ್ತದೆ. ಜಿನಬಿಂಬವು ನಿಮಿತ್ತ, ಉಪಾದಾನವು ಜೀವನೇ. ಅರ್ಹಂತನನ್ನು ದ್ರವ್ಯ ಗುಣ ಪರ್ಯಾಯಗಳಿಂದ ಅರಿತವನು ತನ್ನ ಆತ್ಮನನ್ನೇ ಅರಿಯುತ್ತಾನೆ, ಅವನ ಮೋಹ ಲಯವಾಗುತ್ತದೆ ಎಂದು ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಹೇಳಿರುವುದೂ ಇದೇ ದಾರಿಯನ್ನು. ಧನಂಜಯ ಕವಿಯ ವಿಷಾಪಹಾರ ಸ್ತೋತ್ರದ ಕೊನೆಗೆ ಬರುವ ಮರದ ದೃಷ್ಟಾಂತವನ್ನು ಅನೇಕ ಶ್ರಾವಕರು ಬಲ್ಲರು: ಮರವನ್ನು ಆಶ್ರಯಿಸಿದವನಿಗೆ ನೆರಳು ತಾನಾಗಿಯೇ ದೊರೆಯುವಾಗ ಅದನ್ನು ಯಾಚಿಸುವುದೇಕೆಂದು ಕವಿ ಕೇಳುತ್ತಾನೆ. ಆದರೆ ಮರದ ಕೆಳಕ್ಕೆ ನಡೆದು ಬರಬೇಕಾದವನು ಬಿಸಿಲಿನಲ್ಲಿ ನಿಂತವನೇ.

ಆದುದರಿಂದ ಐದನೆಯ ದಿನದ ‘ಕಾಪಾಡು’ ವ್ಯರ್ಥವಲ್ಲ. ಅದನ್ನು ಹೇಳಿ ಅಡುಗೆಮನೆಯ ಕಡೆಗೇ ಕಣ್ಣಿಟ್ಟರೆ ವ್ಯರ್ಥ; ಹೇಳಿ ಎದ್ದು, ಮುಖ ತೊಳೆದು, ಒಂದು ಸ್ವಾಧ್ಯಾಯದ ಪುಸ್ತಕವನ್ನು ತೆಗೆದರೆ ಸಾರ್ಥಕ. ಉಪವಾಸದ ದಿನ ಕಿವಿಗಳಿಂದ ಧರ್ಮಾಮೃತವನ್ನು ಕುಡಿಯಬೇಕೆಂದು ಸಮಂತಭದ್ರರು ರತ್ನಕರಂಡಕದಲ್ಲಿ ವಿಧಿಸಿರುವುದು ಅಲಂಕಾರಕ್ಕಾಗಿ ಅಲ್ಲ. ಹಸಿವು ಬೇರೆ, ಆಸೆ ಬೇರೆ. ಹಸಿವು ವೇದನೀಯದ ಉದಯ. ಅದು ಪಾಪವಲ್ಲ, ಕೇವಲ ಪರೀಷಹ. ಆಸೆಯು ಚಾರಿತ್ರಮೋಹನೀಯದ ಉದಯ. ಮೊದಲನೆಯದನ್ನು ಸಹಿಸಬೇಕು, ಎರಡನೆಯದರಿಂದ ಮನಸ್ಸನ್ನು ತಿರುಗಿಸಬೇಕು. ಎರಡನ್ನೂ ಒಂದೇ ಎಂದು ತಿಳಿದವನು ಹಸಿದುದಕ್ಕೆ ನಾಚುತ್ತಾನೆ, ಆಸೆಪಟ್ಟುದಕ್ಕೆ ನಾಚುವುದಿಲ್ಲ.

ಶಾಸನದೇವತೆಗಳ ಮಾತನ್ನೂ ಇಲ್ಲಿ ಆಡಬೇಕು. ಹೊಂಬುಜದ ಪದ್ಮಾವತಿಗೂ ನರಸಿಂಹರಾಜಪುರದ ಜ್ವಾಲಾಮಾಲಿನಿಗೂ ಹರಕೆ ಹೊರುವ ಮನೆಗಳು ಕರ್ನಾಟಕದಲ್ಲಿ ಬಹಳ. ಜಿನಶಾಸನದ ರಕ್ಷಕರೆಂದು ಅವರನ್ನು ಆದರಿಸುವುದು ಒಂದು. ವರದ ಆಸೆಯಿಂದ ಸರಾಗ ದೇವತೆಗಳನ್ನು ಉಪಾಸಿಸುವುದು ಸಮಂತಭದ್ರರು ಹೇಳಿದ ದೇವಮೂಢತೆ. ಅದಿರಲಿ, ಆ ಹರಕೆಗಳಲ್ಲಿ ಧನ, ಸಂತಾನ, ವ್ಯವಹಾರ, ಮಗಳ ಮದುವೆ ಎಲ್ಲವೂ ಇರುತ್ತವೆ. ನಾಲಗೆಯ ಚಾಪಲ್ಯವನ್ನು ನೀಗಿಸೆಂದು ಹರಕೆ ಹೊತ್ತವರು ಅಪರೂಪ. ಹೊತ್ತರೂ ಅದು ನಡೆಯುವಂಥದಲ್ಲ. ದೇವಗತಿಯಲ್ಲಿ ಸಂಯಮವಿಲ್ಲ. ದೇವದೇವಿಯರು ನಾಲ್ಕನೆಯ ಗುಣಸ್ಥಾನವನ್ನು ದಾಟಲಾರರು, ಒಂದು ಅಣುವ್ರತವನ್ನೂ ತಾಳಲಾರರು. ಹಳ್ಳಿಯ ಮನೆಯೊಂದರಲ್ಲಿ ಅಷ್ಟಮಿಯ ಪ್ರೋಷಧವನ್ನು ಪಾಲಿಸುವ ಅಜ್ಜಿಯು ಈ ಒಂದು ವಿಷಯದಲ್ಲಿ ಅವರಿಗಿಂತ ಮೇಲೆ ನಿಂತಿದ್ದಾಳೆ.

ಹಾಗಾದರೆ ಹೊರಗಿನಿಂದ ಸಹಾಯವೇ ಇಲ್ಲವೋ? ಇದೆ; ಆದರೆ ಅದು ಮೇಲಿನಿಂದ ಇಳಿಯುವುದಿಲ್ಲ, ಪಕ್ಕದಿಂದ ಬರುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೆಂಬುದೊಂದು. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವನನ್ನು ಧರ್ಮವತ್ಸಲರಾದವರು ಮತ್ತೆ ನೆಲೆಗೊಳಿಸುವುದೇ ಆ ಅಂಗ. ಇದಕ್ಕೆ ವಾರಿಷೇಣನ ಕಥೆಯನ್ನು ಹೇಳುವುದು ವಾಡಿಕೆ. ಶ್ರೇಣಿಕ ಮಹಾರಾಜನ ಮಗನಾದ ವಾರಿಷೇಣನು ಮುನಿಯಾದ ಮೇಲೆ ಅವನ ಮಿತ್ರ ಪುಷ್ಪಡಾಲನೂ ದೀಕ್ಷೆ ಪಡೆದನು. ಹನ್ನೆರಡು ವರ್ಷ ಕಳೆದರೂ ಪುಷ್ಪಡಾಲನ ಮನಸ್ಸು ಊರಿನಲ್ಲಿ ಬಿಟ್ಟುಬಂದ ಹೆಂಡತಿಯಲ್ಲಿಯೇ ಇತ್ತು. ಇಬ್ಬರೂ ವರ್ಧಮಾನಸ್ವಾಮಿಯ ಸಮವಸರಣಕ್ಕೆ ಹೋದಾಗ ಅಲ್ಲಿ ಗಂಧರ್ವರು ಹಾಡಿದ ವಿರಹದ ಹಾಡನ್ನು ಕೇಳಿ ಅವನು ಮನೆಗೆ ಹೊರಟೇಬಿಟ್ಟನು. ಈ ಅಂಶವನ್ನು ಕಥೆ ಹೇಳುವವರು ಬೇಗ ದಾಟಿಬಿಡುತ್ತಾರೆ, ದಾಟಬಾರದು. ಸಾಕ್ಷಾತ್ ತೀರ್ಥಂಕರನ ಸಮವಸರಣದಲ್ಲಿಯೇ ಒಬ್ಬ ಮುನಿಯ ಮನಸ್ಸು ಜಾರಿತು. ತೀರ್ಥಂಕರನು ಅವನನ್ನು ತಡೆಯಲಿಲ್ಲ. ತಡೆದವನು ಸ್ನೇಹಿತ.

ವಾರಿಷೇಣನು ಅವನನ್ನು ಬೈಯಲಿಲ್ಲ, ಸಂಘದ ಮುಂದೆ ನಿಲ್ಲಿಸಲಿಲ್ಲ. ತನ್ನ ಅರಮನೆಗೆ ಕರೆದುಕೊಂಡು ಹೋದನು. ತಾಯಿ ಚೇಲಿನಿಗೆ ಮಗನ ಮೇಲೆಯೇ ಶಂಕೆ ಬಂದು ಸರಾಗಿಗೆ ಯೋಗ್ಯವಾದುದೊಂದು, ವೀತರಾಗಿಗೆ ಯೋಗ್ಯವಾದುದೊಂದು ಎಂದು ಎರಡು ಆಸನಗಳನ್ನು ಇಡಿಸಿದಳು. ಅವನು ಎರಡನೆಯದರಲ್ಲಿ ಕುಳಿತನು. ಬಳಿಕ ತನ್ನ ಪತ್ನಿಯರನ್ನು ಸರ್ವಾಭರಣಭೂಷಿತರನ್ನಾಗಿ ಕರೆಯಿಸಿ, ಇವರನ್ನೂ ಯುವರಾಜ ಪದವಿಯನ್ನೂ ನೀನೇ ತೆಗೆದುಕೊ ಎಂದು ಪುಷ್ಪಡಾಲನಿಗೆ ಹೇಳಿದನು. ಇಷ್ಟನ್ನು ಬಿಟ್ಟವನ ಎದುರಿನಲ್ಲಿ ತಾನು ಎಷ್ಟನ್ನು ಹಿಡಿದುಕೊಂಡಿದ್ದೇನೆಂಬುದು ಆಗ ಅವನಿಗೆ ತಿಳಿಯಿತು. ಗೆಳೆಯನೊಬ್ಬನನ್ನು ಉಳಿಸುವುದಕ್ಕಾಗಿ ವಾರಿಷೇಣನು ತಾಯಿಯ ಸಂದೇಹಕ್ಕೂ ಗುರಿಯಾಗಲು ಸಿದ್ಧನಾದನೆಂಬುದು ಇಲ್ಲಿಯ ವಿಶೇಷ.

ದೇವರು ಬಲ ಕೊಡುತ್ತಾನೆಂದು ನಂಬಿದವನ ಸಹಧರ್ಮಿಯು ಕೈಕಟ್ಟಿ ಕುಳಿತರೂ ಆ ನಂಬಿಕೆಗೆ ಲೋಪವಿಲ್ಲ. ಜಿನನು ಕೊಡುವುದಿಲ್ಲವೆಂದು ನಂಬಿದವರ ನಡುವೆ ನೆರೆಯವನು ಸುಮ್ಮನಿದ್ದರೆ ಜಾರುವವನು ಪೂರ್ತಿಯಾಗಿ ಒಂಟಿಯಾಗುತ್ತಾನೆ. ದುರ್ದೈವದಿಂದ ಪರ್ವದಿನಗಳಲ್ಲಿ ಅನೇಕ ಕಡೆ ಸುಮ್ಮನಿರುವುದಕ್ಕಿಂತ ಕೆಟ್ಟದ್ದೇ ನಡೆಯುತ್ತದೆ. ಹತ್ತು ಉಪವಾಸ ಮಾಡಿದವರಿಗೆ ಮೆರವಣಿಗೆ, ಸನ್ಮಾನ, ಭಾವಚಿತ್ರ. ಏಳರಲ್ಲಿ ನಿಲ್ಲಿಸಿದವರಿಗೆ ಮೂಲೆಮಾತು. ಅದಕ್ಕೆ ಹೆದರಿ ಜ್ವರವನ್ನು ಮರೆಮಾಚುವವರುಂಟು, ಕದ್ದು ನೀರು ಕುಡಿದು ಹೊರಗೆ ಬಂದು ನಗುವವರುಂಟು. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳು ಉಳಿದಿರುವವನನ್ನು ತತ್ತ್ವಾರ್ಥಸೂತ್ರವು ವ್ರತಿಯೆಂದೇ ಒಪ್ಪುವುದಿಲ್ಲ. ಉಪವಾಸವನ್ನು ಮುರಿದುದಕ್ಕಿಂತ ಮುರಿಯಲಿಲ್ಲವೆಂದು ತೋರಿಸಿಕೊಂಡುದು ದೊಡ್ಡ ಹಾನಿ. ಆ ಹಾನಿಯಲ್ಲಿ ಮೂಲೆಮಾತನ್ನಾಡಿದವರ ಪಾಲೂ ಇದೆ. ಅದೇ ಸೂತ್ರಗ್ರಂಥವು ಷೋಡಶ ಭಾವನೆಗಳಲ್ಲಿ ತ್ಯಾಗ ತಪಗಳಿಗೆ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಸೇರಿಸಿರುವುದನ್ನು ಸನ್ಮಾನದ ಸಭೆಗಳಲ್ಲಿ ಯಾರೂ ನೆನಪಿಸುವುದಿಲ್ಲ.

ಏಳನೆಯ ದಿನ, ಅಂದರೆ ಉತ್ತಮ ತಪದ ದಿನವೇ, ತಲೆಸುತ್ತಿ ಕುಳಿತ ಸೊಸೆಯನ್ನು ಕಂಡ ಅತ್ತೆಗೆ ಮಾಡಲು ಕೆಲಸವಿದೆ. ಊರಿಗೆ ಏನು ಹೇಳಬೇಕೆಂಬುದನ್ನು ಅವಳು ತನ್ನ ಮೇಲೆ ಹಾಕಿಕೊಳ್ಳಬಹುದು. ಹೊತ್ತು ಮುಳುಗುವ ಮುನ್ನ ತೆಳ್ಳಗಿನ ಗಂಜಿಯನ್ನು ಕಾಯಿಸಿ, ಹೆಚ್ಚು ಮಾತಿಲ್ಲದೆ ಮುಂದಿಡಬಹುದು. ಮರುದಿನ ಇಬ್ಬರೂ ಮುನಿಗಳ ಬಳಿಗೆ ಹೋದರೆ, ನಡೆದುದನ್ನು ನಡೆದಂತೆಯೇ ಗುರುವಿನೆದುರು ಒಪ್ಪಿಸುವ ಆಲೋಚನೆಯಿಂದ ಮೊದಲುಗೊಂಡು ಪ್ರಾಯಶ್ಚಿತ್ತದಲ್ಲಿ ಒಂಬತ್ತು ಬಗೆಗಳಿವೆ. ಸೊಸೆಯ ದೇಹಸ್ಥಿತಿಗೆ ಯಾವುದು ತಕ್ಕುದೆಂಬುದನ್ನು ಅವರು ಹೇಳುತ್ತಾರೆ. ಉಳಿದ ದಿನಗಳಿಗೆ ಏಕಭುಕ್ತ ಸಾಕೆಂದರೆ ಏಕಭುಕ್ತ. ಚತುರ್ದಶಿಯಂದು ಅನಂತನ ನೋಂಪಿಗೆ ಬಸದಿಯಲ್ಲಿ ಹೆಂಗಸರು ಸಾಲಾಗಿ ಕುಳಿತಾಗ ಅತ್ತೆಯು ತನ್ನ ಪಕ್ಕದಲ್ಲಿಯೇ ಅವಳಿಗೆ ಸ್ಥಳ ಮಾಡಿಕೊಡುತ್ತಾಳೆ.