ಕಂದು ಕೊಡುವ ಕೈ

ಬಾಳೆಹಣ್ಣನ್ನು ನಾವು ದಿನವೂ ತಿನ್ನುತ್ತೇವೆ. ಅದರ ಬೀಜವನ್ನು ನೀವು ಎಂದಾದರೂ ಕಂಡಿದ್ದೀರಾ? ಹಣ್ಣನ್ನು ಅಡ್ಡಲಾಗಿ ಕೊಯ್ದರೆ ನಡುವೆ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತವೆ. ಬೀಜವಾಗಬೇಕಿದ್ದು ಆಗದೆ ಉಳಿದ ಗುರುತುಗಳವು. ಕಾಡುಬಾಳೆಯ ಹಣ್ಣಿನ ತುಂಬ ಗಟ್ಟಿ ಬೀಜಗಳಿರುತ್ತವೆ. ನಮ್ಮ ತೋಟದ ಬಾಳೆಯ ಹೂವಾದರೋ ಪರಾಗದ ಹಂಗಿಲ್ಲದೆಯೇ ಕಾಯಾಗುತ್ತದೆ.

ಮುಡುಕುತೊರೆಯ ಆಸುಪಾಸಿನಲ್ಲಿ ಕಾವೇರಿಯ ನೀರುಂಡು ಬೆಳೆದ ಒಂದು ಬಾಳೆಯ ಬುಡದಲ್ಲಿ ನಿಂತು ನೋಡಿ. ಕಾಂಡವೆಂದು ನಾವು ಕರೆಯುವುದು ಕಾಂಡವಲ್ಲ, ಒಂದನ್ನೊಂದು ಬಿಗಿದಪ್ಪಿದ ಎಲೆಯ ಪಟ್ಟೆಗಳು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಸಮಯ ಬಂದಾಗ ಆ ಗೆಡ್ಡೆಯಿಂದ ಹೂವಿನ ದಂಟು ಪಟ್ಟೆಗಳ ನಡುವೆ ಏರಿ, ನೆತ್ತಿಯಲ್ಲಿ ಹೊರಬಂದು ಬಾಗುತ್ತದೆ. (ನಾವು ಪಲ್ಯ ಮಾಡುವ ದಿಂಡು ಅದೇ.) ಮೂತಿಯ ಕೆಂಪು ಎಸಳುಗಳು ಬಿಚ್ಚಿಕೊಂಡಂತೆ ಮೊದಲ ಸಾಲುಗಳ ಹೆಣ್ಣು ಹೂಗಳು ಚಿಪ್ಪುಗಳಾಗುತ್ತವೆ, ತುದಿಯ ಗಂಡು ಹೂಗಳು ಉದುರಿಹೋಗುತ್ತವೆ. ಒಂದು ಗಿಡಕ್ಕೆ ಒಂದೇ ಗೊನೆ. ಅದು ಸಾಯುವ ಮೊದಲೇ ಪಕ್ಕದಲ್ಲಿ ಕಂದು ಎದ್ದಿರುತ್ತದೆ.

ಮಾವಿನ ಓಟೆಯನ್ನು ಯಾರೋ ಎಸೆದರೂ ಅದು ಚಿಗುರೀತು. ಬೀಜವಿಲ್ಲದ ಬಾಳೆ ಮನುಷ್ಯ ಒಯ್ಯದಿದ್ದರೆ ಪಕ್ಕದ ಹೊಲಕ್ಕೂ ಹೋಗದು. ಬಿತ್ತಿದ್ದನ್ನು ಬೆಳೆಸುವವರು ನೀವೋ ನಾವೋ ಎಂದು ಪವಿತ್ರ ಕುರ್‌ಆನಿನ ಅಲ್‌ವಾಕಿಅಃ ಅಧ್ಯಾಯವು ಕೇಳುತ್ತದೆ. ಬೆಳೆಸುವವನು ಅಲ್ಲಾಹನೇ. ಹಾಗೆಂದು ನಮ್ಮ ಕೈಗೆ ಕೆಲಸವಿಲ್ಲವೇ? ಮದೀನಾದವರು ಖರ್ಜೂರದ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ತಾಗಿಸುತ್ತಿದ್ದರು. ಪ್ರವಾದಿವರ್ಯರ(ಸ) ಮಾತು ಕೇಳಿ ಒಮ್ಮೆ ಅದನ್ನು ಬಿಟ್ಟರು, ಫಸಲು ಕಡಿಮೆಯಾಯಿತು. ನಿಮ್ಮ ಲೌಕಿಕ ವ್ಯವಹಾರ ನಿಮಗೇ ಚೆನ್ನಾಗಿ ಗೊತ್ತು ಎಂದು ಅವರು ಹೇಳಿದ್ದನ್ನು ಮುಸ್ಲಿಮ್ ಗ್ರಂಥವು ವರದಿ ಮಾಡಿದೆ.

ಆದರೆ ಹಣ್ಣನ್ನು ಒಯ್ಯುವ ಕೈಯೇ ರೋಗವನ್ನೂ ಒಯ್ಯುತ್ತದೆ. ದೇವರಸನಹಳ್ಳಿಯ ಸುತ್ತ ಹೆಸರಾಗಿದ್ದ ನಂಜನಗೂಡು ರಸಬಾಳೆ ಇಂದು ಅಪರೂಪವಾಗಿರುವುದಕ್ಕೆ ಪನಾಮ ಸೊರಗು ರೋಗವು ಒಂದು ದೊಡ್ಡ ಕಾರಣ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ. ಅಂಟಿದ ಗಿಡವನ್ನು ಉಳಿಸುವ ಔಷಧಿಯಿಲ್ಲ, ಮಣ್ಣಿನಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ. ಗ್ರೋ ಮಿಷೆಲ್ ಎಂಬ ತಳಿಯನ್ನು ನಂಬಿದ್ದ ಮಧ್ಯ ಅಮೆರಿಕದ ದೊಡ್ಡ ಕಂಪೆನಿಗಳೇ ಇದರೆದುರು ಸೋತು, 1960ರ ದಶಕದ ಹೊತ್ತಿಗೆ ಆ ತಳಿಯನ್ನು ಕೈಬಿಟ್ಟವು. ಒಂದೇ ತಾಯಿಯ ಕಂದುಗಳೆಲ್ಲ ಒಂದೇ ಗುಣದವು, ಒಂದು ಸೋತರೆ ಎಲ್ಲವೂ ಸೋಲುತ್ತವೆ.

ರೋಗದ ತೋಟದಿಂದ ಕಿತ್ತ ಕಂದು ನೋಡಲು ಹಸಿರಾಗಿಯೇ ಇರಬಹುದು. ನೆರೆಯವನು ಬಂದು ನಾಲ್ಕು ಕಂದು ಕೇಳುತ್ತಾನೆ. ನಿಮ್ಮ ತೋಟದ ಮೂಲೆಯಲ್ಲಿ ಸೊರಗು ಕಾಣಿಸಿದ್ದು ನಿಮಗಷ್ಟೇ ಗೊತ್ತು. ಏನು ಮಾಡುವಿರಿ? "ದುಡ್ಡು ತೆಗೆದುಕೊಂಡಿಲ್ಲವಲ್ಲ, ಪುಕ್ಕಟೆ ಕೊಟ್ಟೆ" ಎಂಬ ಸಮಾಧಾನವಿದೆ. "ರೋಗ ಅಲ್ಲಾಹನ ವಿಧಿ" ಎಂಬುದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒದ್ದೆ ತಗಲಿದ ಪ್ರಸಂಗ ನಿಮಗೆ ತಿಳಿದಿದೆ. ಮಳೆ ಬಿತ್ತು ಎಂದ ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಮಳೆಗೆ ಅವನು ಹೊಣೆಯೂ ಆಗಿರಲಿಲ್ಲ. ಒದ್ದೆಯನ್ನು ಮೇಲಿಡದೆ ಅಡಿಗೆ ಇಟ್ಟದ್ದಕ್ಕೆ ಅವನು ಹೊಣೆಯಾದ. ಅದನ್ನು ಕೊಂಡವನಿಗಾದರೂ ನಷ್ಟವಾಗುತ್ತಿದ್ದುದು ಒಂದು ರಾಶಿಯದು. ಇಲ್ಲಿ ಹೋಗುವುದು ನೆರೆಯವನ ಮಣ್ಣೇ. ಕಾಲುವೆಯ ನೀರಿನೊಂದಿಗೆ ಅವನಾಚೆಯವನ ಮಣ್ಣೂ ಹೋದೀತು.

ಸತ್ಯ ಹೇಳಿದವನಿಗೂ ನಷ್ಟವಿದೆ ಎಂಬುದನ್ನು ಮರೆಯುವಂತಿಲ್ಲ. ಅವನ ತೋಟಕ್ಕೆ ರೋಗ ಬಂದಿದೆಯೆಂದು ಊರಿಗೆಲ್ಲ ತಿಳಿಯುತ್ತದೆ, ಜಮೀನಿನ ಬೆಲೆ ಇಳಿಯುತ್ತದೆ. ಬಾಳೆ ಬಿಟ್ಟು ಭತ್ತ ನಾಟಿ ಮಾಡಲು ಅವನು ಹೊರಟಾಗ ಬಿತ್ತನೆಗೆ ಬಡ್ಡಿಯಿಲ್ಲದ ಕೈಸಾಲ ಕೊಡುವ ನಾಲ್ಕು ಮನೆಗಳು ಊರಿನಲ್ಲಿದ್ದರೆ, "ನನ್ನ ತೋಟದ ಕಂದು ಬೇಡಪ್ಪ, ಬೇರೆ ಕಡೆ ನೋಡು" ಎನ್ನುವುದು ಅವನಿಗೆ ಅಷ್ಟು ಕಷ್ಟವಾಗದು.