ಉಪೇಕ್ಖೆಯೋ, ಉಪೇಕ್ಷೆಯೋ?

ಇಂದಿನ ಚಿಂತನೆಗೆ ಒಂದು ವಿಚಿತ್ರ ಸಿನಿಮಾ ತೆಗೆದುಕೊಂಡಿದ್ದೇನೆ.

ಕೆನಡಾದ ಮೈಕೆಲ್ ಸ್ನೋ ಅವರ ‘ವೇವ್‌ಲೆಂಗ್ತ್’, 1967ರದ್ದು. ನ್ಯೂಯಾರ್ಕಿನ ಒಂದು ಮಹಡಿಯ ಉದ್ದನೆ ಕೋಣೆ, ಎದುರಿಗೆ ಎತ್ತರದ ಕಿಟಕಿಗಳು. ಕ್ಯಾಮೆರಾದ ಝೂಮ್ 45 ನಿಮಿಷ ಚೂರುಚೂರೇ ಮುಂದೆ ಸರಿಯುತ್ತದೆ. ಕೊನೆಗೆ ಗೋಡೆಯ ಮೇಲಿನ ಫೋಟೊದಲ್ಲಿರುವ ಸಮುದ್ರದ ಅಲೆಗಳು ತೆರೆ ತುಂಬುತ್ತವೆ. ಜೊತೆಗೆ ಏರುತ್ತಲೇ ಹೋಗುವ ಒಂದು ನಾದ. ಕಥೆ ಮುಖ್ಯವಲ್ಲ, ಸಿನಿಮಾದ ಆಕಾರವೇ ಮುಖ್ಯ. ಇಂಥವನ್ನು ವಿಮರ್ಶಕ ಪಿ. ಆಡಮ್ಸ್ ಸಿಟ್ನಿ 1969ರಲ್ಲಿ ‘ಸ್ಟ್ರಕ್ಚರಲ್ ಫಿಲ್ಮ್’ ಎಂದು ಕರೆದರು.

ಮೊದಲು ನನಗೆ ಬರೀ ಬೇಸರ. ಓಡಿಸಿ ನೋಡೋಣವೆಂದು ಬೆರಳು ಎರಡು ಸಲ ಹೋಯಿತು. ಆಮೇಲೆ ಆನಾಪಾನಕ್ಕೆ ಕೂತ ಹಾಗಾಯಿತು. ಬೆಳಕು ಬದಲಾಗುವುದು, ಕಿಟಕಿಯಾಚೆಯ ಬೀದಿ, ಎಲ್ಲ ತಾನಾಗಿ ಕಾಣತೊಡಗಿತು.

ನಡುವೆ ಒಬ್ಬ ಮನುಷ್ಯ ಒಳಬಂದು ನೆಲಕ್ಕೆ ಕುಸಿಯುತ್ತಾನೆ. ಝೂಮ್ ನಿಲ್ಲುವುದಿಲ್ಲ. ಅವನನ್ನು ಚೌಕಟ್ಟಿನ ಹೊರಗೆ ಬಿಟ್ಟು ಮುಂದೆ ಹೋಗುತ್ತದೆ.

ಇದು ಉಪೇಕ್ಖೆಯೇ? ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಉಪೇಕ್ಖೆಗೆ ಒಬ್ಬ ಹತ್ತಿರದ ಶತ್ರು ಇದ್ದಾನೆ ಎನ್ನುತ್ತಾರೆ: ಅರಿವಿಲ್ಲದ ಉದಾಸೀನ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಎರಡೂ ಅಲುಗುವುದಿಲ್ಲ. ನಮ್ಮ ಕನ್ನಡದಲ್ಲಂತೂ ಆ ಶತ್ರುವೇ ಗೆದ್ದುಬಿಟ್ಟಿದ್ದಾನೆ. ‘ಉಪೇಕ್ಷೆ ಮಾಡಿದರು’ ಎಂದರೆ ಕಡೆಗಣಿಸಿದರು ಎಂದೇ ಅರ್ಥ!

ಕ್ಯಾಮೆರಾವನ್ನು ದೂರಿ ಫಲವಿಲ್ಲ, ಅದು ಯಂತ್ರ. ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಎಂಟು ದಿನ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಹಾಕುತ್ತ ಪಾಠ ಮುಂದುವರಿಸಿದೆ, ಪೋರ್ಷನ್ ಮುಗಿಯಬೇಕಿತ್ತಲ್ಲ. ಮನಸ್ಸು ಕದಡಲಿಲ್ಲ. ಅದನ್ನೇ ಸಮಚಿತ್ತವೆಂದುಕೊಂಡು ಒಳಗೊಳಗೇ ಸಂತೋಷಪಟ್ಟಿದ್ದೆ ಕೂಡ.

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆಯ ರೋಗದಿಂದ ಒಬ್ಬ ಭಿಕ್ಖು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಉಳಿದವರು ಯಾರೂ ಅವನನ್ನು ನೋಡಿಕೊಳ್ಳಲಿಲ್ಲ. ವಸತಿಗಳನ್ನು ನೋಡುತ್ತ ಬಂದ ಭಗವಾನರು ಅಲ್ಲಿ ನಿಂತರು. ಆನಂದನಿಂದ ನೀರು ತರಿಸಿದರು. ಅವರು ನೀರು ಹೊಯ್ದರು, ಆನಂದ ಮೈ ತೊಳೆದ. ತಲೆಯ ಕಡೆ ಅವರು, ಕಾಲಿನ ಕಡೆ ಇವನು ಹಿಡಿದು ಮಂಚದ ಮೇಲೆ ಮಲಗಿಸಿದರು. ಅವರಿಗಿಂತ ದೊಡ್ಡ ಉಪೇಕ್ಖೆ ಯಾರಿಗಿತ್ತು? ಆದರೂ ನಿಂತರು.

ಸಿನಿಮಾದಲ್ಲೂ ಆಮೇಲೆ ಒಬ್ಬ ಹೆಂಗಸು ಬರುತ್ತಾಳೆ. ಬಿದ್ದವನನ್ನು ಕಂಡು ಯಾರಿಗೋ ಫೋನ್ ಮಾಡುತ್ತಾಳೆ.

ಒಂಬತ್ತನೆಯ ದಿನ ನಾನೂ ಮಾಡಿದೆ. ಹುಡುಗಿಗೆ ಕಾಮಾಲೆಯಾಗಿತ್ತು. “ಅಂತೂ ಶಾಲೆಯಿಂದ ಒಬ್ಬರಾದ್ರೂ ಕೇಳಿದ್ರಲ್ಲ ಸರ್” ಅಂದರು ಅವಳ ತಾಯಿ.